ಮಸಿಯ ಕೆಳಗಿನ ವಿಳಾಸ

ಷಡಕ್ಷರಿ ತನ್ನ ಸ್ಟುಡಿಯೋದಲ್ಲಿ ಎರಡೂ ಕ್ಯಾಮೆರಾಗಳನ್ನು ಮೇಜಿನ ಮೇಲಿಟ್ಟು ನೋಡುತ್ತ ನಿಂತಿದ್ದ. ತಂದೆಯ ಕಾಲದ ಮರದ ಕ್ಯಾಮೆರಾ ಕೈಗೆ ಒಗ್ಗಿದ್ದು. ಆದರೆ ಇನ್‌ಫ್ರಾರೆಡ್ ಫಿಲ್ಮಿಗೆ ಅದನ್ನು ನಂಬುವಂತಿರಲಿಲ್ಲ; ಕಣ್ಣಿಗೆ ಕಾಣದ ಆ ಬೆಳಕು ತೆಳು ಹಲಗೆಯನ್ನೂ ದಾಟುತ್ತದೆ ಎಂದು ಫಿಲ್ಮ್ ಕೊಟ್ಟ ಕಾಲೇಜಿನ ಮೇಷ್ಟ್ರು ಹೇಳಿದ್ದರು. ಕತ್ತಲಲ್ಲಿ ಅವರೇ ತುಂಬಿಸಿಕೊಟ್ಟದ್ದು ಎರಡೇ ಹಾಳೆ ಫಿಲ್ಮು. ಲೋಹದ ಕ್ಯಾಮೆರಾ ಆರಿಸಿ, ಕಪ್ಪೆನ್ನುವಷ್ಟು ಗಾಢವಾದ ಕೆಂಪು ಫಿಲ್ಟರ್ ತೊಡಿಸಿದ.

ಎದುರಿನ ಗೋಡೆಯಲ್ಲಿ ಪಿನ್ನು ಚುಚ್ಚಿದ ಕಾಗದ. ಮನೆಯಲ್ಲಿ ಹೇಳದೆ ಮದುವೆಯಾಗಿ ಹೋದ ಸರೋಜ ೧೯೫೮ರಲ್ಲಿ ತಾಯಿಗೆ ಪೆನ್ಸಿಲಿನಲ್ಲಿ ಬರೆದದ್ದು. ವಿಳಾಸದ ಮೇಲೆಲ್ಲ ನೀಲಿ ಮಸಿ. ಮೂರು ವರ್ಷದ ಮೇಲೆ ಈಗ ಅವಳ ತಂದೆ ಆಸ್ಪತ್ರೆಯಲ್ಲಿ ಮಗಳನ್ನೇ ಕೇಳುತ್ತಿದ್ದಾರೆ, ಹೆಚ್ಚು ದಿನವಿಲ್ಲ ಎಂದಿದ್ದರು ತಾಯಿ ಸಿದ್ದಲಿಂಗಮ್ಮ. ಮಸಿಯ ದೌತಿ ಉರುಳಿತಂತೆ. ಉರುಳಿದ ಮಸಿ ಹೀಗೆ ಸಾಲು ಹಿಡಿದು ಹರಿಯುವುದಿಲ್ಲ ಎಂದು ಷಡಕ್ಷರಿಗೆ ಗೊತ್ತಿತ್ತು. ಈ ಫಿಲ್ಮಿಗೆ ಮಸಿ ಕಾಣುವುದಿಲ್ಲ, ಪೆನ್ಸಿಲ್ ಕಾಣುತ್ತದೆ ಎಂದಷ್ಟೇ ಹೇಳಿದ್ದ.

ಮೊದಲ ಹಾಳೆ ಕೆಟ್ಟಿತು. ಕತ್ತಲೆ ಕೋಣೆಗೆ ಹೋದವನೇ, ಮೂವತ್ತು ವರ್ಷದ ಅಭ್ಯಾಸದಂತೆ ಕೆಂಪು ದೀಪ ಹಾಕಿಬಿಟ್ಟಿದ್ದ; ಈ ಫಿಲ್ಮಿಗೆ ಕೆಂಪು ಬೆಳಕೂ ತಾಗುತ್ತದೆ. ತೊಳೆದ ಹಾಳೆ ಅಂಚಿನಿಂದ ಅಂಚಿಗೆ ಕಪ್ಪು.

"ನನ್ನದೇ ತಪ್ಪಮ್ಮ. ಇನ್ನೊಂದೇ ಇರೋದು."

ಹೊರಗೆ ಕಾಯುತ್ತಿದ್ದ ಸಿದ್ದಲಿಂಗಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು.

"ದೌತಿ ಉರುಳಲಿಲ್ಲ ಕಣಪ್ಪ. ನಾನೇ ಗೀಚಿದ್ದು. ನೋಡುದ್ರೆ ನಮ್ಮನೆಯವರು ಹೋಗಿ ಅವಳ್ನ ಕರ್ಕೊಂಡು ಬಂದ್ಬುಡ್ತಾರೆ ಅಂತ. ಗೀಚೋಕೆ ಮುಂಚೆ ಓದ್ಕೊಳ್ಳೋಕೂ ಮನಸ್ಸು ಬರ್ಲಿಲ್ಲ ನಂಗೆ."

ಷಡಕ್ಷರಿ ಒಳಗೆ ಹೋಗಿ ಕೆಂಪು ಬಲ್ಬನ್ನೇ ಕಳಚಿ ಜೇಬಿಗೆ ಹಾಕಿಕೊಂಡು ಬಂದು, ಎರಡನೆಯ ಚಿತ್ರ ತೆಗೆದ.

ಮಧ್ಯಾಹ್ನದ ಹೊತ್ತಿಗೆ ಒದ್ದೆ ಚಿತ್ರವನ್ನು ಆಕೆಯ ಕೈಗಿಟ್ಟ. ಭದ್ರಾವತಿ, ನಾಲ್ಕನೇ ಸಾಲು, ಮನೆಯ ನಂಬರು. ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿದರು. ಆಮೇಲೆ ವಿಳಾಸದ ಮೇಲೆ ಹೆಬ್ಬೆರಳು ಆಡಿಸಿದರು. ಅಲ್ಲಿ ಕಲೆಯೇ ಇರಲಿಲ್ಲ.

"ನಾ ಗೀಚಿದ್ದು ಎಲ್ಲೋಯ್ತಪ್ಪ?"

"ಇದರಲ್ಲಿ ಬರಲ್ಲಮ್ಮ."

ತಂತಿ ಆಫೀಸಿಗೆ ದಾರಿ ಕೇಳಿಕೊಂಡು ಇಳಿದು ಹೋದರು. ಒಣಗದ ಚಿತ್ರವನ್ನು ಬಲ ಅಂಗೈ ಮೇಲೆ, ತಟ್ಟೆಯಂತೆ, ಬಿಸಿಲಿಗೆ ಹಿಡಿದಿದ್ದರು. ಎಡಗೈ ಮುಷ್ಟಿಯಲ್ಲಿ ಮಸಿಯ ಕಾಗದ ಸಣ್ಣದಾಗಿ ಮಡಚಿಕೊಂಡಿತ್ತು.