ಅತ್ತೆಗೊಂದು ಅಗಿಯುವ ಟೀ

ಈ ಊರಿನಲ್ಲಿ ನಗುವವರಲ್ಲಿ ಅರ್ಧ ಜನ ನನ್ನ ಹಲ್ಲಿನಿಂದ ನಗುತ್ತಾರೆ. ಉಳಿದರ್ಧ ಜನ ನಗುವುದನ್ನೇ ಬಿಟ್ಟಿದ್ದಾರೆ. ಅವರು ಬೇರೆ ಕಡೆ ಹಲ್ಲು ಕಟ್ಟಿಸಿಕೊಂಡ ದುರದೃಷ್ಟವಂತರು. ನನ್ನ ಕಸುಬು ಕೃತಕ ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರುಗಳು ರೋಗಿಯ ಬಾಯಿಯ ಅಚ್ಚು ತೆಗೆದು ಕಳಿಸುತ್ತಾರೆ, ನಾನು ಮನೆಯ ಹಿಂದಿನ ಕೋಣೆಯಲ್ಲಿ ಕೂತು ಅದಕ್ಕೆ ಹಲ್ಲು ಕೂರಿಸಿ ವಾಪಸು ಕಳಿಸುತ್ತೇನೆ. ಹೆಸರು ಡಾಕ್ಟರಿಗೆ, ಜಗಿಯುವ ಸುಖ ರೋಗಿಗೆ, ಕಣ್ಣುರಿ ನನಗೆ. ಇರಲಿ ಬಿಡಿ. ನನ್ನ ಹಲ್ಲು ಹಾಕಿಕೊಂಡ ಒಬ್ಬ ಮುದಿ ಪೈಲ್ವಾನ ಬಾಗಿಲ ಚಿಲಕವನ್ನೇ ಕಚ್ಚಿ ಮುರಿದ ಸುದ್ದಿ ಊರೆಲ್ಲ ಹಬ್ಬಿದೆ. ಹಬ್ಬಿಸಿದವನು ನಾನೇ ಆದರೂ ಸುದ್ದಿ ಸುದ್ದಿಯೇ.

ಇಂಥ ಕೈಚಳಕವನ್ನು ಎರಡು ವರ್ಷದಿಂದ ಗಾಜಿನ ಲೋಟದ ನೀರಿನಲ್ಲಿ ಮುಳುಗಿಸಿಟ್ಟಿರುವ ವ್ಯಕ್ತಿ ಭೂಮಿಯ ಮೇಲೆ ಒಬ್ಬರೇ. ನನ್ನ ಹೆಂಡತಿಯ ತಾಯಿ.

ಅತ್ತೆ ಮೂವತ್ತೊಂದು ವರ್ಷ ರೈಲು ನಿಲ್ದಾಣದಲ್ಲಿ ಗಾಡಿ ಬರುವುದು ಹೋಗುವುದನ್ನು ಮೈಕಿನಲ್ಲಿ ಕೂಗಿದವರು. ಅವರ ದನಿ ಕೇಳಿ ಗಾಡಿಗಳೇ ಸರಿಯಾದ ಪ್ಲಾಟ್‌ಫಾರಂ ಹುಡುಕಿಕೊಂಡು ಬರುತ್ತಿದ್ದವಂತೆ. ಇದು ನಾನು ಹೇಳಿದ್ದಲ್ಲ, ಅವರೇ ಹೇಳಿದ್ದು. ನಮ್ಮ ಮನೆಯಲ್ಲಿ ಉತ್ಪ್ರೇಕ್ಷೆ ಅಂದರೆ ನಾನೊಬ್ಬನೇ ಎಂದು ಯಾರೂ ತಿಳಿಯಬಾರದು. ನಿವೃತ್ತರಾಗಿ ನಮ್ಮ ಮನೆಗೆ ಬಂದ ಮೇಲೂ ಆ ಚಾಳಿ ಬಿಡಲಿಲ್ಲ. ಎರಡನೇ ಒಲೆಯ ಮೇಲಿನ ಹಾಲು ಇನ್ನು ಕೆಲವೇ ಕ್ಷಣಗಳಲ್ಲಿ ಉಕ್ಕಲಿದೆ ಎಂದೋ, ಸ್ನಾನಕ್ಕೆ ಹೋಗಬೇಕಿದ್ದ ಅಳಿಯಂದಿರು ಅನಿರ್ದಿಷ್ಟ ಕಾಲ ತಡವಾಗಿದ್ದಾರೆ ಎಂದೋ ಕುರ್ಚಿಯಲ್ಲಿ ಕೂತಲ್ಲಿಂದಲೇ ಕೂಗುತ್ತಿದ್ದರು. ಗೋಡೆಯಾಚೆಯ ದರ್ಜಿಯಮ್ಮ ಆ ಕೂಗು ಕೇಳಿಯೇ ಗಡಿಯಾರ ಸರಿಮಾಡಿಕೊಳ್ಳುತ್ತಿದ್ದಳು.

ಆಮೇಲೆ ಹಲ್ಲು ಹೋದವು. ಹಲ್ಲಿನ ಜೊತೆ 'ಸ' ಹೋಯಿತು. ಗಾಡಿ ಸಂಖ್ಯೆ ಹಂಖ್ಯೆಯಾಯಿತು. ಅಡಚಣೆಗೆ ವಿಷಾದಿಸುತ್ತೇವೆ ಎಂದು ಮೂವತ್ತೊಂದು ವರ್ಷ ಹೇಳಿದ ಬಾಯಿ ಒಂದು ದಿನ 'ವಿಹಾದಿಹುತ್ತೇವೆ' ಎಂದಿತು. ನನ್ನ ಮಗಳು ಕಿಸಕ್ಕೆಂದಳು. ಅತ್ತೆ ಅಂದಿಗೆ ಬಾಯಿ ಮುಚ್ಚಿದವರು ಟೀ ಕುಡಿಯುವುದಕ್ಕಷ್ಟೇ ತೆರೆಯತೊಡಗಿದರು, ಅದೂ ದಿನಕ್ಕೆ ಹತ್ತು ಸಲ.

ನಾನೇನು ಸುಮ್ಮನೆ ಕೂತೆನೇ? ಮನೆಯಲ್ಲೇ ಇಂಥ ಕಲಾವಿದನಿರುವಾಗ ಅಳತೆಗೆ ಡಾಕ್ಟರೇಕೆ ಎಂದು ಊಟದ ಮೇಜಿನ ಮುಂದೆಯೇ ಅವರಿಗೆ ಮೇಣ ಕಚ್ಚಿಸಿ, ಮೇಲಿನ ದವಡೆ ಕೆಳಗಿನ ದವಡೆಗೆ ಹೇಗೆ ಕೂರುತ್ತದೆ ಎಂದು ಗುರುತು ಮಾಡಿಕೊಂಡೆ. ಬೇಸರವಾಗದಿರಲಿ ಎಂದು ಪೈಲ್ವಾನನ ಚಿಲಕದ ಕಥೆಯನ್ನೂ ಹೇಳಿದೆ. ಹನ್ನೊಂದು ದಿನದಲ್ಲಿ ಸೆಟ್ಟು ತಯಾರು. ರಾಣಿಯರು ಹಾಕಿಕೊಳ್ಳಬೇಕಾದ ಹಲ್ಲು. ಅತ್ತೆ ಅರ್ಧ ಗಂಟೆ ಹಾಕಿಕೊಂಡು, ಕೂರಲ್ಲ ಇದು, ಮಾತಾಡಿದರೆ ಟಕಟಕ ಅನ್ನುತ್ತೆ ಎಂದು ತೆಗೆದು ಲೋಟಕ್ಕೆ ಹಾಕಿದರು. ಅಭ್ಯಾಸವಾಗಬೇಕು ಎಂದು ನಾನು. ಆಗಲ್ಲ ಎಂದು ಅವರು. ಎರಡು ವರ್ಷ ನಾನು ದಿನಾ ಬೆಳಿಗ್ಗೆ ಕಿಟಕಿಯ ಹಲಗೆಯ ಮೇಲಿನ ಆ ಲೋಟದ ಕಡೆ ನೋಡುತ್ತಿದ್ದೆ, ಲೋಟ ನನ್ನ ನೋಡಿ ಹಲ್ಲು ಕಿರಿಯುತ್ತಿತ್ತು.

ಹೀಗಿರುವಾಗ ಒಂದು ಸೋಮವಾರ ಸ್ಟೇಷನ್ ಮಾಸ್ಟರು ಫೋನ್ ಮಾಡಿದರು. ನಿಲ್ದಾಣಕ್ಕೆ ನೂರು ವರ್ಷ ತುಂಬುತ್ತದೆ. ಶನಿವಾರ ಹನ್ನೊಂದು ಗಂಟೆಯ ಗಾಡಿಯನ್ನು ಯಂತ್ರದ ದನಿಯ ಬದಲು ಅಮ್ಮನವರೇ ಕೂಗಬೇಕು, ಗುರುವಾರದೊಳಗೆ ಒಪ್ಪಿಗೆ ತಿಳಿಸಬೇಕು ಎಂದರು. ಅತ್ತೆ ಗಂಟಲು ನೋವು ಎಂದು ನನ್ನ ಕೈಲಿ ಹೇಳಿಸಿದರು. ಸ್ಟೇಷನ್ ಮಾಸ್ಟರು, ಗುರುವಾರದವರೆಗೆ ನೋಡಿ, ವಾಸಿಯಾಗಬಹುದು ಎಂದರು. ಅತ್ತೆ ಫೋನಿನ ಕಡೆ ಬೆನ್ನು ಹಾಕಿ ಕೂತರು. ಮೂವತ್ತೊಂದು ವರ್ಷ ಕೂಗಿದವರಿಗೆ ಇನ್ನೊಂದೇ ಒಂದು ಸಲ ಕೂಗುವ ಅವಕಾಶ, ಅದನ್ನು ಬೇಡ ಎನ್ನುವುದೂ ಅಳಿಯನ ಬಾಯಿಂದ.

ನನ್ನ ಹೆಂಡತಿ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವಳು. ಪಕ್ಕದಲ್ಲಿ ಕೂತವರು ಎಷ್ಟೇ ಜೋರಾಗಿ ಹೊರಟರೂ ತನ್ನ ಕಾಲಡಿ ಇನ್ನೊಂದು ಬ್ರೇಕು ಇದೆ ಎಂದು ನಂಬಿದವಳು. ನಾನು ಅತ್ತೆಯ ಹಟದ ಬಗ್ಗೆ ಭಾಷಣ ಶುರು ಮಾಡಿದ್ದೆನಷ್ಟೇ.

"ಹಟ ಅಮ್ಮಂದಲ್ಲರೀ. ನಿಮ್ಮ ಹಲ್ಲು ಸರಿ ಇದ್ದಿದ್ರೆ ಅವರು ಇವತ್ತೇ ಮೈಕ್ ಮುಂದೆ ಕೂತಿರ್ತಿದ್ರು," ಎಂದಳು.

ಬ್ರೇಕು ಬಿತ್ತು. ನನ್ನ ಹಣೆ ಗಾಜಿಗೆ ಬಡಿಯಿತು. ಶನಿವಾರದೊಳಗೆ ಆ ಹಲ್ಲನ್ನು ಅತ್ತೆಯ ಬಾಯಲ್ಲಿ ಕೂರಿಸದಿದ್ದರೆ ನನ್ನ ಹೆಸರು ನನ್ನದಲ್ಲ ಎಂದು ಶಪಥ ಮಾಡಿದೆ. ಅವಳು ಆಕಳಿಸಿದಳು.

ಉಪಾಯ ಸಿಕ್ಕಿದ್ದು ಮಗಳ ಕೈಯಲ್ಲಿ. ಮರುದಿನ ಸಂಜೆ ಅವಳು ಮೂಲೆಯಂಗಡಿಯಿಂದ ಪ್ಲಾಸ್ಟಿಕ್ ಲೋಟ ಹಿಡಿದು ಬಂದಳು. ಮೇಲೆ ಹಾಲು ಬೆರೆಸಿದ ತಣ್ಣನೆ ಟೀ, ತಳದಲ್ಲಿ ಕರಿ ಗುಂಡುಗಳ ರಾಶಿ, ನೀರಿನ ಪೈಪಿನಷ್ಟು ದಪ್ಪದ ಸ್ಟ್ರಾ. ಅತ್ತೆ ಕನ್ನಡಕ ಏರಿಸಿ, ಇದೇನೇ ಕಪ್ಪೆಮೊಟ್ಟೆ ಎಂದರು.

"ಬಬಲ್ ಟೀ ಅಜ್ಜಿ. ಕುಡಿಯೋ ಟೀ ಅಲ್ಲ ಇದು, ಅಗಿಯೋ ಟೀ. ನಿಂಗಾಗಲ್ಲ ಬಿಡು."

ಟೀ ಕುಡಿಯಲು ನಿಮಗಾಗದು ಎಂದು ಅತ್ತೆಯ ಎದುರಿಗೆ ಅದುವರೆಗೆ ಯಾರೂ ಹೇಳಿರಲಿಲ್ಲ. ಅವರ ಮುಖ ನೋಡಿದೆ. ನನ್ನ ತಲೆಯಲ್ಲಿ ನೂರು ಬಲ್ಬು ಒಟ್ಟಿಗೆ ಹತ್ತಿದವು. ಹಣ್ಣು ಬೇಡ, ರೊಟ್ಟಿ ಬೇಡ ಎನ್ನುವ ಮುದುಕಿಯಾದರೂ ಟೀ ಬೇಡ ಎನ್ನಲಾರಳು. ಟೀಗೇ ಹಲ್ಲು ಬೇಕೆಂದರೆ ಹಲ್ಲು ಲೋಟದಿಂದ ಮೇಲೇಳಲೇಬೇಕು! ಅಂಗಡಿಯದನ್ನು ತಂದುಕೊಟ್ಟರೆ ಮುಟ್ಟುವವರಲ್ಲ, ಕಣ್ಣೆದುರು ಕುದಿಯದ ಟೀಯನ್ನು ಅವರು ಟೀ ಎಂದೇ ಕರೆಯುವುದಿಲ್ಲ. ಆದ್ದರಿಂದ ಬುಧವಾರ ನಾನೇ ಮಾಡಲು ನಿಂತೆ. ನಾಲ್ಕು ಡಾಕ್ಟರುಗಳ ಕೆಲಸ ಬದಿಗಿಟ್ಟೆ. ಆ ದಿನ ಊರಿನ ಎಷ್ಟು ಬಾಯಿಗಳು ಗಂಜಿ ಕುಡಿದವೋ.

ಗುಂಡುಗಳಿಗೆ ಬೇಕಾದದ್ದು ಮರಗೆಣಸಿನ ಹಿಟ್ಟು, ಕಂದು ಸಕ್ಕರೆ, ನೀರು. ಇಷ್ಟೇ. ಬಾಯಿಯ ಅಚ್ಚಿಗೆ ಪುಡಿ ಕಲಸುವುದರಲ್ಲಿ ಇಪ್ಪತ್ತು ವರ್ಷ ಪಳಗಿದ ಕೈಗೆ ಇದೊಂದು ಲೆಕ್ಕವೇ? ಅಚ್ಚಿನ ಪುಡಿಗೆ ತಣ್ಣೀರು ಹಾಕುವುದು ವಾಡಿಕೆ, ಹಾಗಾಗಿ ಇದಕ್ಕೂ ಹಾಕಿದೆ. ಹಿಟ್ಟು ಹುಚ್ಚಾಯಿತು. ಮುಷ್ಟಿ ಹಿಡಿದರೆ ಕಲ್ಲು, ಬಿಟ್ಟರೆ ನೀರು. ಬಟ್ಟಲಿಗೆ ಗುದ್ದಿದರೆ ಕೈ ನೋಯುತ್ತದೆ, ಸುಮ್ಮನೆ ಬೆರಳಿಟ್ಟರೆ ಒಳಗೆ ಎಳೆದುಕೊಳ್ಳುತ್ತದೆ. ಸುಮಾರು ಮೂರು ಗಂಟೆ ನಾವಿಬ್ಬರೂ ಕುಸ್ತಿ ಮಾಡಿದೆವು. ಮಗಳು ಐದು ನಿಮಿಷ ಎನ್ನುತ್ತಾಳೆ. ಅವಳೇ ಫೋನಿನಲ್ಲಿ ನೋಡಿ, ಸಕ್ಕರೆ ನೀರು ಕುದಿಕುದಿಯುವಾಗಲೇ ಹಿಟ್ಟಿಗೆ ಸುರಿಯಬೇಕಂತೆ, ಆಗ ಹಿಟ್ಟು ಅರ್ಧ ಬೆಂದು ಮುದ್ದೆಯಾಗುತ್ತಂತೆ ಎಂದಳು. ಅದು ನನಗೂ ಗೊತ್ತಿತ್ತು. ಅವಳಿಗೆ ಗೊತ್ತಿದೆಯೋ ಇಲ್ಲವೋ ಎಂದು ಪರೀಕ್ಷಿಸುತ್ತಿದ್ದೆ.

ಎರಡನೇ ಸಲದ ಕಣಕ ನನ್ನ ಗುಲಾಬಿ ಮೇಣದ ಹಾಗೆ ಬಂತು. ಕೆಲಸದ ಕೋಣೆಯಿಂದ ಅಳತೆಯ ಕ್ಯಾಲಿಪರ್ ತಂದು, ಒಂದೊಂದು ಗುಂಡನ್ನೂ ಎಂಟು ಮಿಲಿಮೀಟರಿಗೆ ಉಂಡೆ ಕಟ್ಟಿದೆ. ನೂರಾ ನಲವತ್ತು ಗುಂಡು, ಕೂದಲೆಳೆಯ ವ್ಯತ್ಯಾಸವಿಲ್ಲ. ಗ್ರಹಗಳೂ ಅಷ್ಟು ಗುಂಡಗಿಲ್ಲ. ಅರ್ಧ ಗಂಟೆ ಬೇಯಿಸಬೇಕೆಂದು ಮಗಳ ಫೋನು ಹೇಳಿತು. ಅಷ್ಟು ಕಾಯುವವರು ಸಾಮಾನ್ಯರು, ಹತ್ತೇ ನಿಮಿಷಕ್ಕೆ ಇಳಿಸಿದೆ. ಅತ್ತೆಯ ಕಣ್ಣೆದುರೇ ಟೀ ಕುದಿಸಿ, ಹಾಲು ಬೆರೆಸಿ, ಮಂಜುಗಡ್ಡೆ ಹಾಕಿ ಲೋಟ ತುಂಬಿದೆ. ಮಗಳು ಸ್ಟ್ರಾ ಇಟ್ಟು ಹೀರಿದಳು. ಕೆನ್ನೆ ಒಳಗೆ ಹೋಯಿತು, ಕಣ್ಣು ಹೊರಗೆ ಬಂತು, ಗುಂಡು ಮಾತ್ರ ಬರಲಿಲ್ಲ. ಬೆಂದಾಗ ಗುಂಡು ಉಬ್ಬುತ್ತದೆ ಎಂಬ ಸಣ್ಣ ವಿಷಯವನ್ನು ಕ್ಯಾಲಿಪರ್ ನನಗೆ ಹೇಳಿರಲಿಲ್ಲ. ಎಲ್ಲರಿಗೂ ಚಮಚ ಕೊಟ್ಟೆ. ಶಿಷ್ಟರು ತಿನ್ನುವುದು ಚಮಚದಲ್ಲೇ ಎಂದು ಹೇಳಿದೆ.

ಅತ್ತೆ ಮೊದಲು ವಸಡಿನಲ್ಲೇ ಒಂದು ಗುಂಡನ್ನು ಅದುಮಿ ನೋಡಿದರು. ಅದು ಬಾಯೊಳಗೆ ಎಡಕ್ಕೋಡಿತು, ಬಲಕ್ಕೋಡಿತು, ಕೊನೆಗೆ ಇದ್ದ ಹಾಗೇ ಚಮಚಕ್ಕೆ ವಾಪಸು ಬಂತು. ಸುಮಾರು ಹೊತ್ತು ಅದನ್ನೇ ದುರುಗುಟ್ಟಿದರು. ಆಮೇಲೆ ಎದ್ದು ಹೋಗಿ, ನೀರು ಚೆಲ್ಲಿ, ಹಲ್ಲು ಹಾಕಿಕೊಂಡು ಬಂದು ಕೂತರು.

ನಾನು ಹೆಂಡತಿಯ ಕಡೆ ನೋಡಿದ ನೋಟವನ್ನು ಯಾರಾದರೂ ಕೆತ್ತಿಸಿಡಬೇಕಿತ್ತು.

ಅತ್ತೆ ಅಗಿದರು. ಟಕ್. ಇನ್ನೊಂದು ಸಲ. ಟಕ್. ಗುಂಡನ್ನು ತಟ್ಟೆಗೆ ಉಗಿದು ಇನ್ನೊಂದು ಹಾಕಿಕೊಂಡರು. ಟಕ್. ಹೀಗೆ ಎಡಗಡೆ ಅಗಿದ ಮೂರನ್ನು ತಟ್ಟೆಯ ಒಂದು ಬದಿಗೆ, ಬಲಗಡೆ ಅಗಿದ ಮೂರನ್ನು ಇನ್ನೊಂದು ಬದಿಗೆ ಉಗಿದು, ಹಲ್ಲು ತೆಗೆದು ಮೇಜಿನ ಮೇಲಿಟ್ಟರು.

"ಹೇಳಿದ್ನಲ್ಲ. ಕೂರಲ್ಲ ಇದು. ನಾಳೆ ಅವರಿಗೆ ಬರಲ್ಲ ಅಂತ ಹೇಳಿಬಿಡಿ," ಎಂದರು. ಆ ಮಾತಿನಲ್ಲಿ ಹಲ್ಲು ತಾಗಿ ಹೊರಡಬೇಕಾದ ಒಂದು ಅಕ್ಷರವೂ ಸರಿಯಾಗಿ ಹೊರಡಲಿಲ್ಲ, ನಾವ್ಯಾರೂ ನಗಲಿಲ್ಲ. ಅವರು ತಮ್ಮ ಕೋಣೆಗೆ ಹೋದರು.

ತಟ್ಟೆ ತೊಳೆಯಲು ಎತ್ತಿಕೊಂಡವನು ಹಾಗೇ ನಿಂತೆ. ಪೂರ್ತಿ ಬೇಯದ ಗುಂಡು ತಣ್ಣಗಾಗಿ ಬಿಗಿದುಕೊಂಡಿತ್ತು. ಕಚ್ಚಿದ ಗುರುತು ಅಚ್ಚಿನಂತೆ ಉಳಿದಿತ್ತು. ಎಡಗಡೆ ಅಗಿದಾಗಿನ ಮೂರು ಗುಂಡುಗಳಲ್ಲಿ ಬಾವಿಯಂಥ ಗುಳಿ. ಬಲಗಡೆಯ ಮೂರರಲ್ಲಿ ಒಂದು ಗೀರೂ ಇಲ್ಲ. ಭೂತಕನ್ನಡಿ ತಂದು ನೋಡಿದೆ, ದೀಪದ ಕೆಳಗೆ ನೋಡಿದೆ, ತಲೆಕೆಳಗು ಮಾಡಿ ನೋಡಿದೆ. ಎಡಗಡೆಯ ದವಡೆಹಲ್ಲು ಎತ್ತರ. ಅದು ಮೊದಲು ತಗುಲಿ, ಬಲಗಡೆಯವು ಗಾಳಿಯಲ್ಲೇ ನಿಲ್ಲುತ್ತಿದ್ದವು. ಟಕಟಕ ಎನ್ನದೆ ಇನ್ನೇನು ಮಾಡೀತು?

ಆಗ ನೆನಪಾಯಿತು. ಅಳತೆಗೆ ಮೇಣ ಕಚ್ಚಿಸಿದ ದಿನ, ಸರಿಯಾಗಿ ಪೈಲ್ವಾನ ಚಿಲಕ ಮುರಿಯುವ ಹೊತ್ತಿಗೆ, ಅತ್ತೆ ನಂಬದೆ ಮೂತಿ ಸೊಟ್ಟ ಮಾಡಿದ್ದರು. ಎಡಕ್ಕೆ. ಬಾಯಲ್ಲಿ ಮೇಣವಿತ್ತು. ಆ ಸೊಟ್ಟ ಮೂತಿಯನ್ನೇ ನಾನು ಅಳತೆ ಎಂದು ತೆಗೆದುಕೊಂಡು, ಹನ್ನೊಂದು ದಿನ ಕೂತು, ಇಪ್ಪತ್ತೆಂಟು ಹಲ್ಲಿನಲ್ಲಿ ಶಾಶ್ವತವಾಗಿ ಕೆತ್ತಿದ್ದೆ. ಎರಡು ವರ್ಷದಿಂದ ಕಿಟಕಿಯಲ್ಲಿ ಲೋಟ ನನ್ನ ನೋಡಿ ಸುಮ್ಮನೆ ಕಿರಿಯುತ್ತಿರಲಿಲ್ಲ. ನನ್ನ ಚಿಲಕದ ಕಥೆ ಕೇಳಿ ಕಿರಿಯುತ್ತಿತ್ತು.

ಹೆಂಡತಿ ಹಿಂದೆಯೇ ನಿಂತಿದ್ದಳು. ಗುಂಡುಗಳ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಈ ಸಲ ಬ್ರೇಕು ಒತ್ತದೆ, ಮೇಜಿನ ಮೇಲಿದ್ದ ಹಲ್ಲನ್ನು ಎತ್ತಿ ನನ್ನ ಕೈಗಿಟ್ಟಳು. ಅದರಿಂದಲೇ ಹೆಚ್ಚು ನೋವಾಯಿತು.

ಹಿಂದಿನ ಕೋಣೆಗೆ ಹೋಗಿ ಹಲ್ಲನ್ನು ದವಡೆಯಂತೆ ತೆರೆದು ಮುಚ್ಚುವ ಯಂತ್ರಕ್ಕೆ ಕೂರಿಸಿದೆ. ಉಜ್ಜುವ ಚಕ್ರ ತಿರುಗಿಸಿ ಎಡಗಡೆ ಕಾಗದದಷ್ಟು ತೆಗೆದೆ, ಉಳಿದ ಗುಂಡುಗಳಲ್ಲಿ ಎಡಕ್ಕೊಂದು ಬಲಕ್ಕೊಂದು ಇಟ್ಟು ಅದುಮಿದೆ, ಗುಳಿ ನೋಡಿದೆ, ಮತ್ತೆ ಕಾಗದದಷ್ಟು ತೆಗೆದೆ. ನೂರಾ ಇಪ್ಪತ್ತು ಗುಂಡು ಖರ್ಚಾದವು. ಇದು ಉತ್ಪ್ರೇಕ್ಷೆಯಲ್ಲ, ಮಗಳೇ ಎಣಿಸಿದ್ದಾಳೆ. ಕೊನೆಯ ಜೋಡಿಯಲ್ಲಿ ಎರಡೂ ಕಡೆ ಒಂದೇ ಆಳದ ಗುರುತು.

ಗುರುವಾರ ಬೆಳಿಗ್ಗೆ ಅತ್ತೆಯ ಎದುರು ನಿಂತೆ. ಸುಮ್ಮನೆ ಪಾಲಿಶ್ ಮಾಡಿದೆ ಎನ್ನಬಹುದಿತ್ತು. ಟೀಯ ಗುಂಡಿಗೆ ಔಷಧೀಯ ಗುಣವಿದೆ ಎನ್ನಬಹುದಿತ್ತು. ಇನ್ನೂ ಹದಿನೆಂಟು ಸುಳ್ಳು ಸಾಲಾಗಿ ನಿಂತು ಕೈ ಎತ್ತುತ್ತಿದ್ದವು.

"ಎಡಗಡೆ ಎತ್ತರ ಆಗಿತ್ತು ಅತ್ತೆ. ತಪ್ಪು ನಂದು," ಎಂದೆ.

ನನ್ನ ಜೀವಮಾನದಲ್ಲಿ ನಾನು ಹೇಳಿದ ಅತಿ ಚಿಕ್ಕ ಕಥೆ ಅದು. ಅತ್ತೆ ಈ ಸಲ ಮೂತಿ ಸೊಟ್ಟ ಮಾಡಲಿಲ್ಲ. ಹಲ್ಲು ಹಾಕಿಕೊಂಡರು. ಕಚ್ಚಿ ನೋಡಿದರು. ಟಕ್ ಇಲ್ಲ. ನಾಲಿಗೆ ಆಚೀಚೆ ಆಡಿಸಿದರು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಎರಡು ವರ್ಷದಿಂದ ಮನೆಯಲ್ಲಿ ಯಾರೂ ಕೇಳದ ದನಿ ತೆಗೆದರು.

"ಪ್ರಯಾಣಿಕರು ದಯವಿಟ್ಟು ಗಮನಿಸಿ. ಎರಡು ವರ್ಷ ಮುಂಚೆ ಬಂದು ಸೇರಬೇಕಿದ್ದ ಹಲ್ಲಿನ ಸೆಟ್ಟು ಈಗಷ್ಟೇ ಬಂದು ಸೇರಿದೆ. ಅಡಚಣೆಗಾಗಿ ಅಳಿಯಂದಿರು ವಿಷಾದಿಸುತ್ತಾರೆ."

ಗೋಡೆಯಾಚೆ ದರ್ಜಿಯಮ್ಮನ ಹೊಲಿಗೆ ಯಂತ್ರ ನಿಂತಿತು. ಅತ್ತೆ ಕೈ ಚಾಚಿ ಫೋನು ಕೇಳಿದರು.

ಶನಿವಾರ ನಿಲ್ದಾಣದಲ್ಲಿ ಲಕ್ಷ ಜನ. ಬಹುಶಃ ಅರವತ್ತು. ಅತ್ತೆ ಗಾಜಿನ ಕೋಣೆಯೊಳಗೆ ಮೈಕಿನ ಮುಂದೆ ಕೂತರು. ನಾನು ಹೊರಗೆ ಫ್ಲಾಸ್ಕು ಹಿಡಿದು ನಿಂತೆ. ಒಳಗಿದ್ದದ್ದು ಗುಂಡಿಲ್ಲದ ಟೀ, ಅವರದೇ ಅಪ್ಪಣೆ. ಹನ್ನೊಂದಕ್ಕೆ ಐದು ನಿಮಿಷವಿರುವಾಗ ಧ್ವನಿವರ್ಧಕ ಕರಕರ ಎಂದಿತು. ಗಾಡಿ ಸಂಖ್ಯೆ ಏಳು ಸಾವಿರದ ಏಳುನೂರ ಎಪ್ಪತ್ತೇಳು ಸ್ವಲ್ಪ ಸಮಯದಲ್ಲೇ ಪ್ಲಾಟ್‌ಫಾರಂ ಸಂಖ್ಯೆ ಒಂದಕ್ಕೆ ಬಂದು ಸೇರಲಿದೆ. ಒಂದೊಂದು 'ಸ' ಕೂಡ ಹೊಸ ಕತ್ತರಿಯಲ್ಲಿ ರೇಷ್ಮೆ ಕತ್ತರಿಸಿದ ಹಾಗೆ. ಸ್ಟೇಷನ್ ಮಾಸ್ಟರು ಟೋಪಿ ತೆಗೆದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಲೆ ಬಾಗಿಸಿ ನನ್ನ ಪಾಲು ಸ್ವೀಕರಿಸಿದೆ, ಪಕ್ಕದಲ್ಲಿದ್ದ ಪೋರ್ಟರಿಗೆ ಆ 'ಸ' ಎಲ್ಲ ನಮ್ಮ ಹಿಂದಿನ ಕೋಣೆಯಲ್ಲಿ ತಯಾರಾದದ್ದು ಎಂದೂ ತಿಳಿಸಿದೆ.

ಗಾಡಿ ಹನ್ನೊಂದು ಇಪ್ಪತ್ತಕ್ಕೆ ಬಂತು. ಅದಕ್ಕೆ ನಾನು ಹೊಣೆಯಲ್ಲ.