ಒಂಬತ್ತು ಗೇಣಿನ ಕಿಟಕಿ

ಬಿಸಿಲು ನೆಲದ ಮೇಲೆ ಒಂದು ದಿಂಬಿನಷ್ಟು ಅಗಲ ಬಿದ್ದಿದೆ, ಉದ್ದಕ್ಕೆ, ಕರೆಯದೆ ಬಂದ ನೆಂಟ ಕಾಲು ಚಾಚಿ ಮಲಗಿದ ಹಾಗೆ, ಕಾಗದದ ಪರದೆ ಮುಗಿದು ಕಿಟಕಿ ಮುಗಿಯದ ಆ ಸಂದಿಯಿಂದ ನುಗ್ಗಿ ಬಂದಿದೆ, ಅವಳು ಸ್ಟೂಲಿನ ಮೇಲೆ ನಿಂತೇ ಇದ್ದಾಳೆ, ದಾರದ ತುದಿ ಇನ್ನೂ ಕೈಯಲ್ಲೇ ಇದೆ, ಅವನು ಹೋಗಿ ಎಷ್ಟು ಹೊತ್ತಾಯಿತೋ — ಚಪ್ಪಲಿ ಮೆಟ್ಟಿದ ಸದ್ದಿಲ್ಲ, ಬಾಗಿಲೆಳೆದ ಸದ್ದಿಲ್ಲ, ಸಿಟ್ಟು ಬಂದರೂ ಬೆಕ್ಕಿನ ಹೆಜ್ಜೆ ಈ ಮನುಷ್ಯನದು, ಬಾಗಿಲನ್ನು ದಢಾರನೆ ಹಾಕಿಕೊಂಡು ಹೋಗಿದ್ದರೆ ಎಷ್ಟೋ ಸಮಾಧಾನವಿತ್ತು, ಆಗ ಇಬ್ಬರದೂ ಸಮಸಮವಾಗುತ್ತಿತ್ತು, ಈಗ ಕೂಗಿದವಳು ಅವಳೊಬ್ಬಳೇ. ಹೌದು, ಕೂಗಿದ್ದೇ, ಅದನ್ನು ಮಾತು ಅಂತ ಯಾರೂ ಒಪ್ಪುವುದಿಲ್ಲ, ಹಾಗಾದ್ರೆ ತಪ್ಪೆಲ್ಲಾ ನಂದೇನಾ, ಅಳತೆ ಹೇಳಿದ್ದು ಯಾರು, ನೀವಲ್ವಾ — ಸಾಮಾನು ಇನ್ನೂ ಬಾರದ ಖಾಲಿ ಕೋಣೆ ಆ ನೀವಲ್ವಾವನ್ನು ಎತ್ತಿಕೊಂಡು ನಾಲ್ಕು ಗೋಡೆಗೂ ಬಡಿದು ತಿರುಗಿ ಅವಳ ಮುಖಕ್ಕೇ ಎಸೆದಿತ್ತು, ಅವನ ಮುಖ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು, ಅಂಟಿನ ಬಟ್ಟಲನ್ನು ಮೆಲ್ಲಗೆ ಕೆಳಗಿಟ್ಟ, ಅಷ್ಟು ಮೆಲ್ಲಗೆ, ಹೋದ. ಮದುವೆಯಾದ ಮೇಲೆ ಅವಳ ಜೋರು ದನಿ ಅವನ ಕಿವಿಗೆ ಬಿದ್ದದ್ದು ಇದೇ ಮೊದಲು, ಅದೂ ಸ್ವಂತಕ್ಕೆ ಅಂತ ಹಿಡಿದ ಮನೆಯ ಮೊದಲ ದಿನ, ಎಂಥಾ ಮುಹೂರ್ತ ನೋಡಿ ಬಾಯಿ ಬಿಟ್ಟಳಪ್ಪಾ ಮಹಾರಾಯಿತಿ.

ಬೇಕಿದ್ದರೆ ಅವಳಿಗೆ ಪಿಸುಮಾತು ಬರುವುದಿಲ್ಲವೇ, ಇಷ್ಟು ತಿಂಗಳು ಅದೇ ತಾನೇ ಮಾಡಿದ್ದು, ಭಾವನ ಮನೆಯ ನಡುಮನೆಯಲ್ಲಿ ಹಳೇ ಹೊದಿಕೆಯೊಂದನ್ನು ಅಡ್ಡ ಕಟ್ಟಿಕೊಂಡು, ಅದರಾಚೆಯ ಕೋಣೆಯಲ್ಲಿ ಓರಗಿತ್ತಿ ಮಗ್ಗುಲು ಬದಲಿಸಿದರೆ ಈಚೆ ಇವರು ಉಸಿರು ನಿಲ್ಲಿಸಿ, ಒಬ್ಬರ ಕಿವಿಯಲ್ಲಿ ಇನ್ನೊಬ್ಬರ ಬಾಯಿ, ಹಾಲು ಮುಗಿದಿದೆ ಅನ್ನುವುದನ್ನೂ ಪ್ರೇಮದ ಮಾತಿನ ಹಾಗೆ ಪಿಸುಗುಟ್ಟಬೇಕು, ನಗು ಬಂದರೆ ದಿಂಬು ಕಚ್ಚಬೇಕು, ಅವನ ನಗು ಹೇಗಿದೆ ಅಂತ ಕೇಳಿದರೆ ಅವಳಿಗೆ ಗೊತ್ತಿಲ್ಲ, ಭುಜ ಕುಲುಕುವುದು ಗೊತ್ತು, ಅಷ್ಟೇ. ಆದರೆ ಅವನು ಪಿಸುಮಾತು ಕಲಿತದ್ದು ಮದುವೆಯಾದ ಮೇಲಲ್ಲ. ಭಾವ ಕೆಟ್ಟವರಲ್ಲ, ಪಾಪ, ಗಂಟಲೊಂದು ದೇವರು ಹೆಚ್ಚಿಗೆ ಕೊಟ್ಟದ್ದು, ಸೋಪಿನ ಡಬ್ಬಿ ಎಲ್ಲಿ ಅನ್ನುವುದಕ್ಕೂ ಛಾವಣಿ ಹಾರಿಹೋಗಬೇಕು, ಆ ದನಿ ಏರಿದಾಗಲೆಲ್ಲ ಅವನು ಎದ್ದು ಮೆಟ್ಟಿಲ ಮೇಲೆ ಹೋಗಿ ಕೂರುತ್ತಿದ್ದ, ಇಷ್ಟು ದೊಡ್ಡ ಆಳು, ಮೊಣಕಾಲಿಗೆ ಗದ್ದ ಕೊಟ್ಟು. ಹೊದಿಕೆಯ ಈಚೆ ಒಮ್ಮೆ ಕೇಳಿದ್ದ, ನಿಂಗೆ ಹೊಸ ಮನೇಲಿ ಏನೇನು ಬೇಕು ಹೇಳು, ಅವಳು ಅಂದಿದ್ದಳು ದೊಡ್ಡದೊಂದು ಕಿಟಕಿ ಇದ್ರೆ ಸಾಕು ರೀ, ಬೇರೇನೂ ಬೇಡ, ನಿಮಗೆ? ಅವನು ಈ ಕಡೆ ಹೊರಳಿದ, ಅವಳ ಕಿವಿಯ ಹತ್ತಿರ ಬಂತು — ಯಾರೂ ಕೂಗಬಾರದು ಕಣೇ, ನಮ್ಮನೇಲಿ, ಅಷ್ಟೇ. ಅವಳು ಕೇಳಿದ್ದನ್ನು ಅವನು ಹುಡುಕಿ ಕೊಟ್ಟ. ಅವನು ಕೇಳಿದ್ದನ್ನು ಅವಳು ಅರ್ಧ ದಿನವೂ ಕಾಪಾಡಲಿಲ್ಲ.

ಎಷ್ಟು ಮನೆ ಅಲೆದರು, ಕಾಲಿನ ಚರ್ಮ ಸವೆಯುವಷ್ಟು, ಬ್ರೋಕರ್ ಬೈಕಿನಲ್ಲಿ ಮುಂದೆ, ಇವರು ನಡೆದು ಹಿಂದೆ, ಒಂದು ಮನೆಯಲ್ಲಿ ಅಡುಗೆಮನೆಗೆ ಹೋದವರು ಹಿಂದೆ ಹಿಂದೆ ನಡೆದೇ ಹೊರಬರಬೇಕು, ತಿರುಗಲು ಜಾಗವಿಲ್ಲ, ಇನ್ನೊಂದರಲ್ಲಿ ಕಿಟಕಿ ಇತ್ತು, ತೆರೆದರೆ ಪಕ್ಕದ ಮನೆಯ ಗೋಡೆ, ಮೂಗು ತಾಗುವಷ್ಟು ಹತ್ತಿರ, ಗಾಳಿ ಬರುತ್ತೆ ಮೇಡಂ ಅಂದ ಬ್ರೋಕರ್ ಗೋಡೆಯನ್ನೇ ನೋಡುತ್ತಾ, ಮೂರನೆಯದರಲ್ಲಿ ಮಾಲೀಕರು ಅವನನ್ನು ಪಕ್ಕಕ್ಕೆ ಕರೆದು ಕೇಳಿದರಂತೆ ಹೆಂಡತಿ ಕಡೆಯೋರು ತುಂಬಾ ಜನ ಬರ್ತಾರಾ. ಕೊನೆಗೆ ಈ ಮನೆ, ಮೇಲಿನ ಮಹಡಿ, ಒಂದೇ ಕೋಣೆ, ಆದರೆ ಗೋಡೆಯ ತುಂಬಾ ಕಿಟಕಿ, ಸಂಜೆ ಹೊತ್ತು ಬೆಳಕೆಲ್ಲ ಒಳಗೇ ನಿಂತಿತ್ತು, ಅವಳು ಬಾಯಿ ಮುಚ್ಚಿಕೊಂಡು ನಿಂತುಬಿಟ್ಟಿದ್ದಳು, ಕೆಳಗಿನ ಮನೆಯ ಅಜ್ಜಿಯೇ ಮಾಲಕಿ, ಕುರ್ಚಿಯಲ್ಲಿ ಕೂತು ಇಬ್ಬರನ್ನೂ ಕೆಳಗಿನಿಂದ ಮೇಲಕ್ಕೆ ನೋಡಿ, ಗಲಾಟೆ ಮಾಡೋರಿಗೆ ನಾನು ಮನೆ ಕೊಡಲ್ಲಪ್ಪ, ಹಿಂದಿನೋರು ದಿನಾ ಜಗಳ, ನನ್ನ ತಲೆ ಚಿಟ್ಟು ಹಿಡಿದಿತ್ತು, ಇವರಿಬ್ಬರೂ ಒಟ್ಟಿಗೆ ಇಲ್ಲಮ್ಮಾ ಅಂದರು, ಅದೂ ಪಿಸುಪಿಸು, ಅಭ್ಯಾಸಬಲ, ಅಜ್ಜಿ ಕಿವಿ ಮುಂದೆ ತಂದು ಏನಂದ್ರಿ, ಇವರು ಮತ್ತೆ ಪಿಸುಪಿಸು, ಅಜ್ಜಿಗೆ ಮುಖವೆಲ್ಲ ನಗು — ಇಷ್ಟು ಮೆತ್ತಗಿನ ಜೋಡಿನ ನಾನು ಕಂಡೇ ಇಲ್ಲ, ತಗೊಳ್ಳಿ ಬೀಗದಕೈ. ಈಗ ಅಜ್ಜಿಗೆ ಕೇಳಿಸಿರುತ್ತದೆ. ಕೇಳಿಸದೆ ಏನು, ಎದುರಿನ ಟೈಲರ್ ಅಂಗಡಿಯವರೆಗೂ ಹೋಗಿರುತ್ತದೆ, ಬೀದಿಯ ಆಚೆ, ಅದೂ ಮೇಲಿನ ಮಹಡಿಯೇ, ಅವರ ಕಿಟಕಿಗೂ ಇವರ ಕಿಟಕಿಗೂ ಕಣ್ಣಿಗೆ ಕಣ್ಣು, ಅದಕ್ಕೇ ತಾನೇ ಪರದೆ, ಕಿಟಕಿ ಬೇಕು ಅಂತ ಹಟ ಹಿಡಿದವಳೇ ಮೊದಲು ಮಾಡಿದ ಕೆಲಸ ಅದನ್ನು ಮುಚ್ಚುವುದು.

ಕಿಟಕಿ ಯಾಕೆ ಅಂದರೆ ಅವಳ ದಿನವೆಲ್ಲ ಕಿಟಕಿಯಿಲ್ಲದ ಕೋಣೆಯಲ್ಲಿ, ಆಸ್ಪತ್ರೆಯ ಎಕ್ಸ್-ರೇ ಕೋಣೆ, ದಪ್ಪ ಬಾಗಿಲು, ಉಸಿರು ಹಿಡ್ಕೊಳ್ಳಿ, ಬಿಡಿ, ಹಿಡ್ಕೊಳ್ಳಿ, ಬಿಡಿ, ಮುಖ ನೋಡಲು ಪುರುಸೊತ್ತಿಲ್ಲ, ಮೂಳೆಗಳೇ ಪರಿಚಯ, ಅವನೂ ಮೊದಲು ಬಂದದ್ದು ಕೈಯಾಗಿಯೇ — ಪ್ರೆಸ್ಸಿನ ಮೆಷಿನ್ನಿಗೆ ಸಿಕ್ಕಿ ಊದಿಕೊಂಡ ಬಲಗೈ, ಬೆರಳು ಅಗಲಿಸಿ ಇಡಿ, ಅಲ್ಲಾಡಿಸಬೇಡಿ ಅಂದಳು, ಅವನು ಇಟ್ಟ, ಹೆಬ್ಬೆರಳು ಆ ಕಡೆ, ಕಿರುಬೆರಳು ಈ ಕಡೆ, ಅಷ್ಟು ದೊಡ್ಡ ಕೈ ಅವಳು ನೋಡಿರಲಿಲ್ಲ, ಆಯ್ತು ತೆಗೀರಿ ಅಂದಮೇಲೂ ತೆಗೆಯಲಿಲ್ಲ, ಹಾಗೇ ಹರಡಿಕೊಂಡು ಅವಳನ್ನೇ ನೋಡುತ್ತಿದ್ದ, ಆಯ್ತು ಅಂದ್ನಲ್ಲಾ ಅಂದಳು, ಹೂಂ ಅಂತ ಗಾಳಿಯಲ್ಲಿ ಒಂದು ಸದ್ದು. ಕಿರುಬೆರಳಿನ ಮೂಳೆ ಬಿರುಕು ಬಿಟ್ಟಿತ್ತು, ಕೂಡಿಕೊಂಡಿತು, ಸ್ವಲ್ಪ ಹೊರಕ್ಕೆ ವಾಲಿಯೇ ಕೂಡಿಕೊಂಡಿತು. ಫಿಲ್ಮನ್ನು ಮನೆಯವರು ಯಾರು ಬಂದರೂ ಕೊಡುತ್ತಿದ್ದರು, ಅವನೇ ಬಂದ, ಡಾಕ್ಟರಿಗೆ ತೋರಿಸಿಯಾದ ಮೇಲೂ ಇದು ಸರಿಯಾಗಿ ಬಿದ್ದಿದೆಯಾ ನೋಡಿ ಅಂತ ಮತ್ತೆ ಬಂದ, ಆಮೇಲೆ ಅವನ ಅತ್ತಿಗೆ ಬಂದರು, ಏನಮ್ಮಾ ನಮ್ಮ ಹುಡುಗನ ಮೂಳೆಯೆಲ್ಲ ನೋಡಿ ಆಗಿದೆಯಂತಲ್ಲ, ಇನ್ನು ಹೆಣ್ಣು ನೋಡೋ ಶಾಸ್ತ್ರ ಯಾಕೆ ಬೇಕು, ನೇರ ಮಾತಿಗೇ ಬಂದಿದ್ದೀನಿ.

ಪ್ರೆಸ್ಸಿನಲ್ಲಿ ಅವನಿಗೆ ಮಿಲಿಮೀಟರ್ ಅಂತ ಹೆಸರು, ಕಾಗದ ಕತ್ತರಿಸುವ ಕೆಲಸ, ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೂ ಅನ್ನ ಸೇರದು, ಅಂಥವನು ಅಡ್ವಾನ್ಸ್ ಕೊಡಲು ಹೋದ ದಿನ ಸ್ಕೇಲನ್ನು ಪ್ರೆಸ್ಸಿನಲ್ಲೇ ಮರೆತಿದ್ದ, ಅಜ್ಜಿಯ ಹತ್ತಿರ ಟೇಪು ಕೇಳಲು ಸಂಕೋಚ, ಕಿಟಕಿಯ ಮುಂದೆ ನಿಂತು ಫೋನ್ ಮಾಡಿದ, ಅಗಲ ಬರ್ಕೋ, ಒಂಬತ್ತು ಗೇಣು, ಸರಿಯಾಗಿ ಒಂಬತ್ತು, ಎತ್ತರ ಆಮೇಲೆ ನೋಡ್ಕೊಳ್ಳೋಣ, ಫೋನಿನಲ್ಲೂ ಪಿಸುಪಿಸು, ಅವಳಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತ್ತು ಆ ಕೈ, ಹೆಬ್ಬೆರಳೂರಿ ಕಿರುಬೆರಳು ಚಾಚಿ, ಮತ್ತೆ ಹೆಬ್ಬೆರಳು, ಮತ್ತೆ ಚಾಚಿ, ಎಲೆಯ ಮೇಲೆ ಹುಳ ನಡೆದ ಹಾಗೆ ಚೌಕಟ್ಟಿನುದ್ದಕ್ಕೂ ನಡೆಯುವ ಕೈ. ಆವತ್ತಿನಿಂದ ಶುರು, ಅವನು ತರುತ್ತಿದ್ದ ರದ್ದಿ ಹಾಳೆ, ಬಣ್ಣ ಜಾರಿ ಹಾಳಾದವು, ಎರಡು ಮೂಗಿನ ಸೋಪಿನ ಸುಂದರಿ, ತನ್ನ ಚಕ್ರ ಬಿಟ್ಟು ಮುಂದೆ ಹೋದ ಬಸ್ಸು, ಅವಳು ಮೈದಾ ಹಿಟ್ಟಿನ ಅಂಟು ಕಾಯಿಸಿ ಹಾಳೆಗೆ ಹಾಳೆ ಜೋಡಿಸಿ, ಬಿಳಿ ಮೈ ಒಳಗೆ, ಸುಂದರಿ ಹೊರಗೆ, ಅಡ್ಡಡ್ಡ ನಿರಿಗೆ ಹಿಡಿದು, ದಾರ ಪೋಣಿಸಿ, ಎಳೆದರೆ ಮೇಲೆ, ಬಿಟ್ಟರೆ ಕೆಳಗೆ, ಭಾವ ಬಂದು ಇದೇನು ಗಾಳಿಪಟದ ಕಾರ್ಖಾನೆಯಾ ಅಂತ ಗುಡುಗಿದರು, ಓರಗಿತ್ತಿ ಮಾತ್ರ ಬಂದು ಪಕ್ಕ ಕೂತು ನಿರಿಗೆಯ ಮೇಲೆ ಬೆರಳಾಡಿಸಿ, ಸೀರೆಗಿಂತ ಚೆನ್ನಾಗಿ ಕೂತಿದೆ ಕಣೇ, ನಾವು ಬಾಗಿಲಿರೋ ಕೋಣೆ ಕಂಡಿದ್ದೇ ಮಗ ಹುಟ್ಟಿದ ಮೇಲೆ ಅಂದರು, ಅಂದು ಎದ್ದು ಹೋದರು. ಅಗಲ ಅವಳು ಅಳೆದೇ ಅಳೆದಳು, ಕತ್ತರಿಸುವ ಮೊದಲೊಮ್ಮೆ, ಅಂಟಿಸಿದ ಮೇಲೊಮ್ಮೆ, ಒಂಬತ್ತು ಗೇಣು, ಒಂದು ನೂಲೂ ಕಡಿಮೆಯಿಲ್ಲ.

ಬಾಗಿಲು ತಟ್ಟುತ್ತಿದೆ — ಬಂದನಾ, ಅವನಾದರೆ ತಟ್ಟುವನೇ — ಅಜ್ಜಿ, ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತಾ, ಏನಮ್ಮಾ, ಯಾರೋ ಕೂಗಿದ ಹಾಗಾಯ್ತು, ಅವಳ ಬಾಯಿಗೆ ಏನು ಬಂತೋ ಅದು, ರೇಡಿಯೋ ಅಮ್ಮಾ, ಜೋರಾಗಿಬಿಟ್ಟಿತ್ತು, ಅಜ್ಜಿ ಕೋಣೆಯ ಸುತ್ತ ಕಣ್ಣಾಡಿಸಿದರು, ಒಂದು ಚಾಪೆ, ಒಂದು ಸ್ಟೂಲು, ಅಂಟಿನ ಬಟ್ಟಲು, ಉಳಿದದ್ದೆಲ್ಲ ಕಾಗದ, ಈಗ ಹೊರಗೆ ಹಾಕುತ್ತಾರೆ, ಮುಗಿಯಿತು, ಹೊದಿಕೆಯ ಮರೆಗೇ ವಾಪಸು, ಅಜ್ಜಿ ಅಂದರು ನಮ್ಮನೇಲೂ ಹೊಸದರಲ್ಲಿ ಅಂಥದೊಂದು ರೇಡಿಯೋ ಇತ್ತಮ್ಮಾ, ಅವರು ಹೋದ ಮೇಲೆ ನಿಂತುಹೋಯ್ತು, ಎಲ್ಲಿ ನಿನ್ನ ಗಂಡ? ಗೊತ್ತಿಲ್ಲ ಅಂದಳು, ಅನ್ನುವಾಗ ಕಣ್ಣು ತುಂಬಿ ಬಂತು, ಬರ್ತಾನೆ ಬಿಡು, ಎಲ್ಲಿಗೆ ಹೋಗ್ತಾನೆ, ಸ್ಟೂಲಿನಿಂದ ಬಿದ್ದೀಯ ಹುಷಾರು, ಅಂದು ಒಂದೊಂದೇ ಮೆಟ್ಟಿಲು ಇಳಿದರು. ಬರ್ತಾನೆ. ಬಂದು ಏನನ್ನುತ್ತಾನೆ, ಏನೂ ಅನ್ನುವುದಿಲ್ಲ, ಅದೇ ಭಯ, ಮೆಟ್ಟಿಲ ಮೇಲೆ ಕೂತು ಬಂದವನ ಮುಖದಲ್ಲಿ ಬರುತ್ತಾನೆ, ಅವಳನ್ನೂ ಆ ದೊಡ್ಡ ಗಂಟಲಿನ ಸಾಲಿಗೆ ಸೇರಿಸಿಬಿಟ್ಟಿರುತ್ತಾನೆ, ಇನ್ನು ಮುಂದೆ ಅವಳು ಸೋಪಿನ ಡಬ್ಬಿ ಕೇಳಿದರೂ ಬೆಚ್ಚುತ್ತಾನೆ, ಅಯ್ಯೋ ಬೇಡ, ಅವನು ಬೆಚ್ಚುವುದು ಬೇಡ, ಪರದೆ ಹಾಳಾಗಿ ಹೋಗಲಿ, ನಾನು ಸರಿಯಾಗೇ ಅಳೆದಿದ್ದೆ ಅಂದನಲ್ಲ ಅವನು, ಅಷ್ಟೇ ಅಂದದ್ದು, ಅದಕ್ಕೆ ಅಷ್ಟು ಕೂಗಬೇಕಿತ್ತೇ, ಮಿಲಿಮೀಟರ್ ತಪ್ಪು ಅಳೆಯುತ್ತಾನೆಯೇ, ಅವಳೂ ತಪ್ಪಿಲ್ಲ, ಹಾಗಾದರೆ ಕಿಟಕಿ ಬೆಳೆಯಿತೇ — ಸುಮ್ಮನೆ ಕೈ ಚೌಕಟ್ಟಿಗೆ ಹೋಗುತ್ತದೆ, ಹೆಬ್ಬೆರಳೂರಿ ಕಿರುಬೆರಳು ಚಾಚಿ, ಒಂದು, ಎರಡು, ಅವನ ಕೈ ನಡೆದಿದ್ದ ದಾರಿಯಲ್ಲೇ, ಒಂಬತ್ತು ಮುಗಿದರೂ ಕಿಟಕಿ ಮುಗಿಯದು, ಹತ್ತು, ಹನ್ನೊಂದಕ್ಕೆ ಒಂದು ಚೂರು ಕಡಿಮೆ, ತನ್ನ ಕೈ ನೋಡಿಕೊಂಡಳು, ಇಷ್ಟೇ ಇಷ್ಟು ಕೈ, ಅವನದರ ಒಳಗೆ ಇಟ್ಟರೆ ಪೂರ್ತಿ ಮುಚ್ಚಿಹೋಗುವ ಕೈ, ಎಷ್ಟು ಸಲ ಹಾಗೆ ಇಟ್ಟುಕೊಂಡು ಮಲಗಿಲ್ಲ, ಯಾರ ಗೇಣು ಅಂತ ಅವನೂ ಹೇಳಲಿಲ್ಲ ಅವಳೂ ಕೇಳಲಿಲ್ಲ, ಇಬ್ಬರೂ ಸರಿ, ದೇವರೇ ಇಬ್ಬರೂ ಸರಿ, ಇದನ್ನು ಹೇಳಲು ಅವನೆಲ್ಲಿ, ನಗು ಬರುತ್ತಿದೆ, ಅಳುವೂ ಜೊತೆಗೇ, ಬೀದಿಯಲ್ಲಿ ಯಾರೋ ಯಾರನ್ನೋ ಕರೆಯುತ್ತಿದ್ದಾರೆ, ಏಯ್, ಏಯ್, ಇಲ್ಲಿ ನೋಡೇ, ಯಾರೋ ಗಂಡಸು, ದಪ್ಪ ದನಿ, ನಡುವೆ ಒಡೆದುಹೋಗುತ್ತಿದೆ, ಕೂಗಿ ಅಭ್ಯಾಸವಿಲ್ಲದವರ ಹಾಗೆ, ಯಾವ ಪುಣ್ಯಾತ್ಮನೋ ಹೆಂಡತಿಯನ್ನು ಹೀಗೆ ಊರಿಗೆಲ್ಲ ಕೇಳುವ ಹಾಗೆ, ಏಯ್ ನಿನ್ನೇ ಕಣೇ, ಸ್ಟೂಲಿನ ಮೇಲಿರೋಳೇ —

ಸ್ಟೂಲಿನ ಮೇಲೆ. ಅವಳೇ ಸ್ಟೂಲಿನ ಮೇಲೆ. ಈ ದನಿಯನ್ನು ಅವಳು ಕೇಳಿಯೇ ಇಲ್ಲ, ಹುಟ್ಟಿದ ಮೇಲೆ ಕೇಳಿಲ್ಲ, ಸಂದಿಯಿಂದ ಬಗ್ಗಿ ನೋಡುತ್ತಾಳೆ, ಎದುರಿನ ಕಿಟಕಿಯಲ್ಲಿ ಟೈಲರ್, ಕೊರಳಲ್ಲಿ ಟೇಪು ನೇತುಹಾಕಿಕೊಂಡು ನಗುತ್ತಾ, ಪಕ್ಕದಲ್ಲಿ ಅವಳ ಗಂಡ, ಕಂದು ಕಾಗದದ ಸುರುಳಿ ಕಂಕುಳಲ್ಲಿ ಇರುಕಿಕೊಂಡು, ಕಿಟಕಿಯಿಂದ ಅರ್ಧ ಹೊರಗೆ ಬಾಗಿ, ಕತ್ತಿನ ನರವೆಲ್ಲ ಉಬ್ಬಿ — ಎಷ್ಟು ಕಮ್ಮಿ ಬಿತ್ತೇ, ನಿನ್ನ ಗೇಣಲ್ಲಿ ಹೇಳು, ನಂದರಲ್ಲಿ ಬೇಡ, ನಿನ್ನದರಲ್ಲಿ, ಟೈಲರ್ ತನ್ನ ಟೇಪನ್ನು ಎತ್ತಿ ಎತ್ತಿ ತೋರಿಸುತ್ತಿದ್ದಾನೆ, ಯಾರೂ ಅದನ್ನು ನೋಡುತ್ತಿಲ್ಲ, ಕೆಳಗೆ ಸೈಕಲ್ಲಿನವನೊಬ್ಬ ಕಾಲೂರಿ ತಲೆಯೆತ್ತಿದ್ದಾನೆ, ಅಜ್ಜಿಯ ಬಾಗಿಲು ತೆರೆಯಿತು, ತೆರೆಯಲಿ, ಅವಳು ಎದೆ ತುಂಬಾ ಉಸಿರೆಳೆದುಕೊಂಡು ಎರಡು ಗೇಣು ರೀ ಅಂತ, ಎರಡು ಅಂತ, ಬೀದಿ ದಾಟಿ ಹೋಗುವ ಹಾಗೆ, ಅವನು ಬೆಚ್ಚಲಿಲ್ಲ, ಬೆಚ್ಚಲೇ ಇಲ್ಲ, ನಗುತ್ತಿದ್ದಾನೆ, ಸದ್ದು ಮಾಡಿ ನಗುತ್ತಿದ್ದಾನೆ, ಕೇಳಿಸುತ್ತಿದೆ, ಎರಡಾ ಅಂತ ಖಾತ್ರಿ ಮಾಡಿಕೊಳ್ಳಲು ಬಲಗೈಯನ್ನು ಮೇಲಕ್ಕೆತ್ತಿದ್ದಾನೆ, ಹೆಬ್ಬೆರಳು ಆ ಕಡೆ, ವಾಲಿದ ಕಿರುಬೆರಳು ಈ ಕಡೆ, ಬೆರಳ ಸಂದಿಯಲ್ಲೆಲ್ಲ ಬಿಸಿಲು, ಸಾಕು ತೆಗೀರಿ ಅಂತ ಅವಳು ಹೇಳುತ್ತಿಲ್ಲ, ಅವನು ತೆಗೆಯುತ್ತಲೂ ಇಲ್ಲ, ಹರಡಿದ ಆ ಕೈ, ಆ ಕೈ —