ಕುದ್ರುವಿನ ಸಾರಿಗೆ ಉಪ್ಪು

ನನ್ನ ಅಡುಗೆಗೆ ಹೆಸರಿಡುವ ಗಂಡಸು ಈ ಹೊಳೆಯ ಎರಡೂ ದಡದಲ್ಲಿ ಇನ್ನೂ ಹುಟ್ಟಿಲ್ಲ. ಹಾಗಿರುವಾಗ ಆ ಎಂಜಿನಿಯರು ನನ್ನ ಕಾಣೆ ಮೀನಿನ ಸಾರಿಗೆ ಬೆರಳದ್ದಿ ಮುಖ ಕಿವಿಚಿದ್ದು ನೆನೆದರೆ ಈಗಲೂ ಮೈ ಉರಿಯುತ್ತದೆ.

2011ರ ಮೇ ತಿಂಗಳು. ಹೊಳೆಯ ನಡುವಿನ ನಮ್ಮ ಕುದ್ರುವಿನಲ್ಲಿ ಹನ್ನೊಂದು ಮನೆ, ಒಂದೇ ಬಾವಿ. ಶಿವರಾತ್ರಿ ಕಳೆಯಿತೆಂದರೆ ಸಮುದ್ರದ ನೀರು ಹೊಳೆಗೆ ಏರಿ ಬಾವಿಯೂ ಉಪ್ಪಾಗುತ್ತದೆ. ಮಳೆ ಹಿಡಿಯುವ ತನಕ ಕುಡಿಯಲಿಕ್ಕೆ ದಡದಿಂದ ದೋಣಿಯಲ್ಲಿ ತಂದ ನೀರು. ಅಡುಗೆಗೆ, ಪಾತ್ರೆಗೆ ಬಾವಿಯದು. ಮಗ ರತನ್ ಮೀನಿಗೆ ಹೋದರೆ ನಾಲ್ಕು ದಿನ ಬರುವುದಿಲ್ಲ. ನನ್ನ ಸೊಂಟ ಬಿದ್ದು ಎರಡು ವರ್ಷವಾಯಿತು. ಏಳು ತಿಂಗಳ ಬಸುರಿ ಸೊಸೆ ಶರಣ್ಯಾ ದಿನಕ್ಕೆ ಎರಡು ಸಲ ಕೊಡ ಇಟ್ಟುಕೊಂಡು ಹುಟ್ಟು ಹಾಕಬೇಕು. ಹಿಂದಿನ ವಾರ ದಡದ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಎದ್ದವಳು ಮೊದಲು ಹೊಟ್ಟೆ ಮುಟ್ಟಿ ನೋಡಿಕೊಂಡಳಂತೆ. ನಮಗೆ ಪೈಪು ಬೇಕಿತ್ತು, ಅಷ್ಟೇ.

ಪೈಪು ಬೇಕೋ ಬೇಡವೋ ಎಂದು ನೋಡಲು ಎಂಜಿನಿಯರು ಬರುತ್ತಾರೆಂದು ಪಂಚಾಯಿತಿಯ ಪ್ರೇಮಾನಂದ ಬೆಳಿಗ್ಗೆಯೇ ಬಂದು ಹೇಳಿದ. ಜೊತೆಗೆ ಎರಡು ಕ್ಯಾನ್ ಸಿಹಿನೀರು ತಂದಿದ್ದ. ದೋಣಿಯಿಂದ ಮನೆಗೆ ಅದನ್ನು ಹೊತ್ತವಳೂ ಶರಣ್ಯಾಳೇ.

"ಗುಲಾಬಕ್ಕ, ಅಡುಗಿ ಈ ಕ್ಯಾನ್ ನೀರಲ್ಲೇ ಮಾಡ್. ಬಾವಿ ನೀರ್ ಮುಟ್ಬೇಡ. ಸಾಹೇಬ್ರಿಗೆ ಕುದ್ರು ಊಟ ಅಂದ್ರೆ ಜೀವ ಅಂಬ್ರ್. ಹೊಟ್ಟಿ ತಂಪಾರೆ ಸೈನ್ ಬೀಳತ್ತ್."

"ಅವ್ರ್ ಬಪ್ದ್ ನೀರ್ ಕಾಂಬುಕಾ, ಮೀನ್ ತಿಂಬುಕಾ?"

"ನಿಂಗೆ ಗೊತ್ತಾತಿಲ್ಲೆ, ಸುಮ್ನಿರ್."

ಅವನು ಹೇಳಿದಂತೆ ಕ್ಯಾನ್ ನೀರನ್ನೇ ಒಲೆಗಿಟ್ಟೆ. ಹಾಗೆ ಅವನ ಮಾತು ಕೇಳಿದ್ದಕ್ಕೆ ನನಗೆ ನನ್ನ ಮೇಲೂ ಸಿಟ್ಟಿದೆ. ಹಲಸಿನೆಲೆಯ ಕೊಟ್ಟೆಯಲ್ಲಿ ಕಡುಬು ಬೇಯಿಸಿದೆ, ಒಣ ಸಿಗಡಿಯ ಚಟ್ನಿ ಅರೆದೆ, ಸಾರು ಕುದಿಸಿದೆ. ಬಡಿಸುವ ಮೊದಲು ರುಚಿ ನೋಡುವ ಅಭ್ಯಾಸ ನನಗಿಲ್ಲ. ಕೈಗೇ ಗೊತ್ತಿರುತ್ತದೆ.

ಸಾಹೇಬರು ಬಂದರು. ಬಾವಿಯ ಕಡೆ ತಲೆಯೂ ಹಾಕಲಿಲ್ಲ. ತೆಂಗಿನ ನೆರಳಲ್ಲಿ ಕೂತು ಎರಡು ಬೊಂಡ ಕುಡಿದು ಬಾಯಿ ಒರೆಸಿಕೊಂಡರು.

"ಆಹಾ, ಸಕ್ಕರೆ! ಎಳನೀರೇ ಇಷ್ಟು ಸಿಹಿ ಇದ್ದ ಮೇಲೆ ನೆಲದಲ್ಲಿ ಉಪ್ಪು ಎಲ್ಲಿಂದ ಬರುತ್ತೆ ಪ್ರೇಮಾನಂದ? ಹನ್ನೊಂದು ಮನೆಗೆ ಹೊಳೆ ದಾಟಿಸಿ ಪೈಪ್ ಯಾಕ್ರೀ? ಇಲ್ಲೊಂದು ರೆಸಾರ್ಟ್ ಮಾಡಿಸಿ."

ಪ್ರೇಮಾನಂದ ಹಲ್ಲು ಕಿರಿದ. ಊಟಕ್ಕೆ ಎಲೆ ಹಾಕುತ್ತ ನಾನು ಸಾಹೇಬರಿಗೆ ಮನಸ್ಸಿನಲ್ಲೇ ಅಂದೆ: ಅಯ್ಯೋ ಬುದ್ಧಿವಂತನೇ, ತೆಂಗಿನ ಮರ ಉಪ್ಪು ಕುಡಿದು ಸಿಹಿ ಕೊಡುತ್ತದೆ. ಬಸುರಿಗೆ ಆ ವಿದ್ಯೆ ಬರುವುದಿಲ್ಲವಲ್ಲ!

ಆಮೇಲೆ ಆಯಿತು ಆ ಮುಖ ಕಿವಿಚುವುದು.

"ಏನಮ್ಮ ಇದು, ಸಾರಿಗೆ ಉಪ್ಪೇ ಇಲ್ಲ! ಇದೇನಾ ನಿಮ್ಮ ಕುದ್ರು ಊಟ?"

"ಎಂತ ಗುಲಾಬಕ್ಕ, ಉಪ್ಪಿಗೂ ಬರಗಾಲ್ವಾ?" ಎಂದು ಪ್ರೇಮಾನಂದ ಗಟ್ಟಿಯಾಗಿ ನಕ್ಕ.

ಒಳಗೆ ಹೋದೆ. ಉಪ್ಪಿನ ಭರಣಿಯ ಮುಚ್ಚಳಕ್ಕೆ ಜೇಡ ಬಲೆ ಕಟ್ಟಿತ್ತು. ಆಗ ಹೊಳೆಯಿತು. ಶಿವರಾತ್ರಿಯಿಂದ ನಾನು ಸಾರಿಗೆ ಉಪ್ಪು ಹಾಕಿಯೇ ಇಲ್ಲ. ಈ ವರ್ಷ ಮಾತ್ರ ಅಲ್ಲ, ಮದುವೆಯಾಗಿ ಬಂದ ಇಪ್ಪತ್ತೆಂಟು ವರ್ಷವೂ ಬೇಸಗೆಯಲ್ಲಿ ನಮ್ಮ ಸಾರಿಗೆ ಉಪ್ಪು ಹಾಕಿದ್ದು ಬಾವಿ. ಸಿಹಿನೀರಿನ ಸಾರಿಗೆ ಉಪ್ಪು ಬೇಕೆಂಬುದೇ ನನ್ನ ಕೈಗೆ ಮರೆತುಹೋಗಿತ್ತು. ಮೊದಲು ನಾಚಿಕೆಯಾಯಿತು. ಮರುಗಳಿಗೆ ಸಿಟ್ಟು ನೆತ್ತಿಗೇರಿತು.

ಭರಣಿ ಮುಟ್ಟಲಿಲ್ಲ. ಬಾವಿಯಿಂದ ನೀರು ಸೇದಿ ಒಂದು ಚೆಂಬು ತಂದು ಸಾಹೇಬರ ಕಣ್ಣೆದುರೇ ಸಾರಿನ ಪಾತ್ರೆಗೆ ಸುರಿದೆ, ಕದಡಿದೆ, ಬಡಿಸಿದೆ.

"ತಿನ್ನಿ ಸಾಹೇಬ್ರೆ. ಈಗ ಉಪ್ಪ್ ಸಮ ಆಯ್ತಾ ಕಾಣಿ."

ಅವರು ಬೆರಳು ನೆಕ್ಕಿ ನನ್ನ ಮುಖ ನೋಡಿದರು.

"ಇದೇ ನಮ್ಮನಿ ಉಪ್ಪಿನ ಭರಣಿ. ಬೊಂಡ ಮರ ಕೊಟ್ದ್, ಈ ನೀರ್ ನೆಲ ಕೊಟ್ದ್. ಇದನ್ ಕುಡ್ದ್ ನನ್ ಸೊಸಿ ಮಗು ಹೆರ್ಕಾ?"

"ಗುಲಾಬಕ್ಕ!" ಪ್ರೇಮಾನಂದ ಎದ್ದು ನಿಂತ.

"ನೀ ಕೂಕೋ. ನಿನ್ ಕ್ಯಾನ್ ನೀರಿಂದ್ಲೇ ಇಷ್ಟೆಲ್ಲ ಆದ್ದ್."

ಸಾಹೇಬರು ಖಾಲಿ ಲೋಟ ಮುಂದೆ ಚಾಚಿದರು. "ಸ್ವಲ್ಪ ಕುಡಿಯೋ ನೀರು..."

"ಉಪ್ಪ್ ತಿಂದವ ನೀರ್ ಕುಡಿಲೇಬೇಕ್, ಹೌದ್. ಆರೆ ನೀರಿಲ್ಲೆ. ಎರಡ್ ಕ್ಯಾನೂ ನಿಮ್ ಊಟಕ್ಕೇ ಖರ್ಚಾಯ್ತ್."

ನೀರೆಂಬ ಮಾತು ಕಿವಿಗೆ ಬಿದ್ದದ್ದೇ ಶರಣ್ಯಾ ಸೊಂಟಕ್ಕೆ ಕೈಕೊಟ್ಟು ಎದ್ದು, ಎರಡು ಖಾಲಿ ಕೊಡ ಎತ್ತಿಕೊಂಡು ದೋಣಿಯತ್ತ ಹೊರಟಳು. ಸಾಹೇಬರು ಆಗ ಮೊದಲ ಸಲ ಅವಳ ಹೊಟ್ಟೆ ನೋಡಿದರು.

"ಬೇಡಮ್ಮ, ನೀನು ಕೂತ್ಕೋ."

"ಅವ್ಳ್ ಕೂತ್ರೆ ನೀರ್ ಯಾರ್ ತರ್ತ್ರ್?" ಎಂದು ಕೊಡ ಕಿತ್ತುಕೊಂಡೆ. ಒಂದನ್ನು ಸಾಹೇಬರ ಕೈಗೆ ಕೊಟ್ಟೆ, ಒಂದನ್ನು ಪ್ರೇಮಾನಂದನ ಕೈಗೆ. "ಹ್ಯಾಂಗೂ ದಡಕ್ಕೆ ಹೋಪರಲ್ದಾ? ತುಂಬ್ಸಿ ಕಳ್ಸಿ. ಪೈಪ್ ಬಪ್ಪಲ್ಲಿವರಿಗೆ ನಿಮ್ದೇ ಪಾಳಿ."

ಸಾಹೇಬರನ್ನು ಕರೆತಂದಿದ್ದ ದೋಣಿಯ ಚಂದಯ್ಯ ನಗು ಅಡಗಿಸಲು ಮುಖ ಆಚೆ ತಿರುಗಿಸಿ ಹುಟ್ಟು ಹಾಕಿದ. ಇಸ್ತ್ರಿ ಪ್ಯಾಂಟಿನ ಮೇಲೆ ಪ್ಲಾಸ್ಟಿಕ್ ಕೊಡ ತಬ್ಬಿಕೊಂಡು ಸಾಹೇಬರು ಕೂತಿದ್ದರು. ನನಗೆ ನಗು ಬರಲಿಲ್ಲ. ಶರಣ್ಯಾಳ ಕೈ ಹಿಡಿದು ಜಗಲಿಯಲ್ಲಿ ಕೂರಿಸಿದೆ. ಆ ದಿನ ಅವಳು ಹುಟ್ಟು ಮುಟ್ಟಲಿಲ್ಲ.